ಸಿನಗಾಗ್‌ಗೆ ಸಹಾಯಕ ರಬ್ಬಿಯನ್ನು ಆರಿಸುವುದು ಹೇಗೆ: ಹುದ್ದೆಯ ಯೋಚನೆಯಿಂದ ಮೊದಲ ವರ್ಷದವರೆಗೆ

ಅಮೆರಿಕದ ಯಹೂದಿ ಸಭೆಗೆ, ಅಂದರೆ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದ ಸದಸ್ಯರ ಕೂಟಕ್ಕೆ, ರಬ್ಬಿಯನ್ನು (ಧರ್ಮಗುರುವನ್ನು) ಮೇಲಿನಿಂದ ಯಾರೂ ನೇಮಿಸಿ ಕಳುಹಿಸುವುದಿಲ್ಲ. ಅಲ್ಲಿ ಬಿಷಪ್ ಇಲ್ಲ, ಪೀಠಾಧಿಪತಿ ಇಲ್ಲ, ವರ್ಗಾವಣೆಯ ಆದೇಶವೂ ಇಲ್ಲ. ಚಂದಾ ಕಟ್ಟುವ ಸದಸ್ಯರೇ ಹುಡುಕಬೇಕು, ಮಾತುಕತೆ ನಡೆಸಬೇಕು, ಸಂಬಳಕ್ಕೆ ಹಣ ಹೊಂದಿಸಬೇಕು. ವೈದ್ಯರು, ಶಿಕ್ಷಕರು, ನಿವೃತ್ತರು, ಎಳೆಯ ಮಕ್ಕಳ ತಾಯಂದಿರು ಸೇರಿದ ಒಂದು ಸಮಿತಿ ಸಂಜೆಗಳನ್ನು ಬಿಡುವು ಮಾಡಿಕೊಂಡು ಕುಳಿತು, ತಮ್ಮ ಮಕ್ಕಳಿಗೆ ತೋರಾ (ಯಹೂದಿ ಧರ್ಮಗ್ರಂಥ) ಕಲಿಸುವ, ತಮ್ಮ ಹೆತ್ತವರ ಅಂತ್ಯಕ್ರಿಯೆಯಲ್ಲಿ ಪಕ್ಕದಲ್ಲಿ ನಿಲ್ಲುವ ವ್ಯಕ್ತಿಯನ್ನು ಆರಿಸುತ್ತದೆ.

ಅಂಥ ಸಮಿತಿಗೆ ಕರೆ ಬಂದವರಿಗಾಗಿ ಈ ಬರಹ. ಮದುವೆಯಿಂದಲೋ ಸ್ವಂತ ನಿರ್ಧಾರದಿಂದಲೋ ಯಹೂದಿ ಸಭೆಯೊಂದರ ಭಾಗವಾದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವಿದೇಶದ ದೇವಸ್ಥಾನಗಳ ಆಡಳಿತ ಮಂಡಳಿಯಲ್ಲಿ ಕುಳಿತು ಅರ್ಚಕರ ನೇಮಕದ ಚಿಂತೆ ಹೊತ್ತವರಿಗೂ ಇದರಲ್ಲಿ ಉಪಯೋಗವಿದೆ. ಮಾದರಿಗೆ ಉದಾರ ನಿಲುವಿನ ರಿಫಾರ್ಮ್ ಪಂಥದ, ಆರೇಳುನೂರು ಕುಟುಂಬಗಳ ಸಭೆಯೊಂದನ್ನು ಇಟ್ಟುಕೊಳ್ಳೋಣ. ಸಂಪ್ರದಾಯಕ್ಕೆ ಇನ್ನಷ್ಟು ಹತ್ತಿರವಿರುವ ಕನ್ಸರ್ವೇಟಿವ್ ಪಂಥದಲ್ಲಿ ದಾರಿ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ನೇಮಕ ಕೆಟ್ಟರೆ ಅದರ ಬೇರು ಹೆಚ್ಚಾಗಿ ಹುದ್ದೆಯಲ್ಲೇ ಇರುತ್ತದೆ. ಏನು ಕೆಲಸ, ಯಾರ ಅಡಿಯಲ್ಲಿ, ಎಷ್ಟು ವರ್ಷ, ಆಮೇಲೆ ಏನು ಎಂಬುದನ್ನು ಸಭೆ ತಾನೇ ತೀರ್ಮಾನಿಸದೆ ಯುವ ರಬ್ಬಿಯೊಬ್ಬರನ್ನು ಕರೆದು ತಂದರೆ, ಆ ಗೊಂದಲದ ಬೆಲೆಯನ್ನು ತೆರುವವರು ಅವರೇ.

ಮೊದಲು ಹುದ್ದೆಯನ್ನು ಕಟ್ಟಿ

ಪ್ರಾರ್ಥನೆ ನಡೆಸಲು ಯಹೂದಿ ಧರ್ಮಕ್ಕೆ ರಬ್ಬಿಯೇ ಬೇಕೆಂದಿಲ್ಲ. ಹತ್ತು ಮಂದಿ ವಯಸ್ಕರು ಸೇರಿದರೆ ಸಾಮೂಹಿಕ ಪ್ರಾರ್ಥನೆಯ ಕೋರಂ ಆಯಿತು. ಓದಬಲ್ಲ ಯಾರು ಬೇಕಾದರೂ ಮುಂದೆ ನಿಲ್ಲಬಹುದು. ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರೇಲ್ ಸಮುದಾಯ ತನ್ನದೇ ರಬ್ಬಿಗಳಿಲ್ಲದೆ ತಲೆಮಾರುಗಳ ಕಾಲ ಧರ್ಮವನ್ನು ಉಳಿಸಿಕೊಂಡಿತು. ಅಲ್ಲಿ ಪ್ರಾರ್ಥನೆಯ ಹೊಣೆ ಹಜ್ಜಾನರದು. ರಬ್ಬಿ ಎಂದರೆ ಮೂಲತಃ ಗುರು, ಧರ್ಮಶಾಸ್ತ್ರ ಬಲ್ಲವರು. ಇಂದಿನ ಅಮೆರಿಕದಲ್ಲಿ ಅದರ ಮೇಲೆ ಆಪ್ತಸಮಾಲೋಚನೆ, ಆಸ್ಪತ್ರೆ ಭೇಟಿ, ಆಡಳಿತ, ನಿಧಿ ಸಂಗ್ರಹ ಎಲ್ಲವೂ ಬಂದು ಕೂತಿವೆ. ಆದ್ದರಿಂದ ಸಮಿತಿಯ ಮೊದಲ ಪ್ರಶ್ನೆ: ಎರಡನೆಯ ರಬ್ಬಿ ನಮಗೆ ಏಕೆ ಬೇಕು?

"ಹಿರಿಯ ರಬ್ಬಿಗೆ ಕೆಲಸ ಜಾಸ್ತಿಯಾಗಿದೆ" ಎಂಬಷ್ಟು ಉತ್ತರ ಸಾಲದು. ಒಂದು ಸಾಧಾರಣ ವಾರವನ್ನು ಕಾಗದದ ಮೇಲೆ ಬರೆಯಿರಿ. ಭಾನುವಾರ ಬೆಳಿಗ್ಗೆ ಮಕ್ಕಳ ಧಾರ್ಮಿಕ ಶಾಲೆ, ವಾರದ ಮಧ್ಯೆ ಒಂದು ಸಂಜೆ ಹೀಬ್ರೂ ತರಗತಿ. ಹದಿಮೂರಕ್ಕೆ ಬರುವ ಮಕ್ಕಳ ಬಾರ್ ಮಿತ್ಸ್ವಾ, ಬಾತ್ ಮಿತ್ಸ್ವಾ (ಹುಡುಗ, ಹುಡುಗಿ ಧಾರ್ಮಿಕ ಹೊಣೆ ಹೊರುವ ವಯಸ್ಸಿಗೆ ಬಂದ ಆಚರಣೆ) ತಯಾರಿ. ಆಸ್ಪತ್ರೆಯಲ್ಲಿರುವವರ ಭೇಟಿ, ಸಾವಿನ ಮನೆಯಲ್ಲಿ ಏಳು ದಿನದ ಶಿವಾ ಆಚರಣೆ. ಮತಾಂತರ ಬಯಸಿ ಬಂದವರಿಗೆ ಪಾಠ. ಶುಕ್ರವಾರ ಸಂಜೆ ಪುಟಾಣಿಗಳ ಶಬ್ಬಾತ್ (ಶುಕ್ರವಾರ ಸೂರ್ಯಾಸ್ತಕ್ಕೆ ಆರಂಭವಾಗುವ ವಾರದ ವಿಶ್ರಾಂತಿ ದಿನ), ಶನಿವಾರ ಬೆಳಿಗ್ಗೆ ತೋರಾ ಅಧ್ಯಯನ. ಪ್ರತಿಯೊಂದರ ಮುಂದೆ ಗಂಟೆ ಹಾಕಿ. ಮೊತ್ತ ವಾರಕ್ಕೆ ಎಪ್ಪತ್ತು ಗಂಟೆ ದಾಟಿದರೆ ನೀವು ಇಬ್ಬರ ಕೆಲಸವನ್ನು ಒಬ್ಬರ ಹೆಗಲಿಗೆ ಹಾಕಲು ಹೊರಟಿದ್ದೀರಿ. ಆಗ ಪಟ್ಟಿಯನ್ನು ಕತ್ತರಿಸಿ, ಇಲ್ಲವೇ ಶಾಲೆಗೆ ಬೇರೆ ನಿರ್ದೇಶಕರನ್ನು ನೇಮಿಸಿ.

ನಂತರ ಹಿರಿಯ ರಬ್ಬಿಯೊಂದಿಗೆ ಕುಳಿತು ಮಾತನಾಡಿ. ಅವರು ಯಾವ ಕೆಲಸವನ್ನು ನಿಜವಾಗಿ ಬಿಟ್ಟುಕೊಡುತ್ತಾರೆ? ವರ್ಷಕ್ಕೆ ಎಷ್ಟು ಪ್ರವಚನಗಳು ಸಹಾಯಕರ ಪಾಲಿಗೆ? ರೋಶ್ ಹಶಾನಾ (ಹೊಸ ವರ್ಷ), ಯೋಮ್ ಕಿಪ್ಪೂರ್ (ಪ್ರಾಯಶ್ಚಿತ್ತದ ದಿನ) ಎಂಬ ಮಹಾಪರ್ವಗಳಲ್ಲಿ ಸಭಾಂಗಣ ತುಂಬಿರುವಾಗ ಅವರಿಗೆ ಮಾತನಾಡುವ ಅವಕಾಶವಿದೆಯೇ, ಅಥವಾ ಹಿಂದಿನ ಕೋಣೆಯ ಮಕ್ಕಳ ಪ್ರಾರ್ಥನೆ ಮಾತ್ರವೇ? ಮದುವೆಗೋ ಅಂತ್ಯಕ್ರಿಯೆಗೋ ಕುಟುಂಬದವರು ಸಹಾಯಕರನ್ನೇ ಕೇಳಿದರೆ ಹಿರಿಯರು ಹೇಗೆ ತೆಗೆದುಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆ ಮುಜುಗರದ್ದು. ಅದನ್ನು ಈಗಲೇ ಕೇಳಿ.

ಉತ್ತರಾಧಿಕಾರದ ಮಾತನ್ನಂತೂ ಖಂಡಿತ ಆಡಿ ಮುಗಿಸಿ. 1972ರ ಜೂನ್ 3ರಂದು ಸಿನ್ಸಿನಾಟಿಯಲ್ಲಿ ದೀಕ್ಷೆ ಪಡೆದ ಸ್ಯಾಲಿ ಪ್ರೀಸಾಂಡ್, ಅಮೆರಿಕದ ರಬ್ಬಿ ವಿದ್ಯಾಲಯವೊಂದರಿಂದ ರಬ್ಬಿಯಾದ ಮೊದಲ ಮಹಿಳೆ. ನ್ಯೂಯಾರ್ಕಿನ ಸ್ಟೀಫನ್ ವೈಸ್ ಫ್ರೀ ಸಿನಗಾಗ್ ಅವರನ್ನು ಸಹಾಯಕ ರಬ್ಬಿಯಾಗಿ ತೆಗೆದುಕೊಂಡಿತು. ಅನೇಕ ಸಭೆಗಳು ಮಹಿಳೆಯೊಬ್ಬರನ್ನು ಸಂದರ್ಶಿಸಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅದು ಧೈರ್ಯದ ಕೆಲಸವೇ. ಆದರೆ ಅಲ್ಲಿ ಹಿರಿಯ ರಬ್ಬಿಯ ಸ್ಥಾನ ತಮಗೆ ಸಿಗುವುದಿಲ್ಲವೆಂದು ಸ್ಪಷ್ಟವಾದಾಗ, 1979ರಲ್ಲಿ ಅವರು ಹೊರಬಂದರು. 1981ರಿಂದ 2006ರವರೆಗೆ ನ್ಯೂಜೆರ್ಸಿಯ ಮನ್ಮತ್ ರಿಫಾರ್ಮ್ ಟೆಂಪಲ್ ಅವರ ನೆಲೆಯಾಯಿತು. ಬಾಗಿಲು ತೆರೆದ ಸಭೆಯೇ ಮುಂದಿನ ಬಾಗಿಲನ್ನು ಮುಚ್ಚಿಟ್ಟಿತ್ತು. ನಿಮ್ಮ ಸಭೆಯಲ್ಲಿ ಸಹಾಯಕರು ಎರಡು ಮೂರು ವರ್ಷಗಳ ನಂತರ ಒಂದು ಮೆಟ್ಟಿಲು ಮೇಲಿನ ಅಸೋಸಿಯೇಟ್ ರಬ್ಬಿ ಆಗಬಹುದೇ, ಹಿರಿಯರು ನಿವೃತ್ತರಾದಾಗ ಅರ್ಜಿ ಹಾಕಬಹುದೇ ಎಂಬುದಕ್ಕೆ ಉತ್ತರ "ಇಲ್ಲ" ಎಂದಾದರೂ ಪರವಾಗಿಲ್ಲ. ಅಭ್ಯರ್ಥಿಗೆ ಮೊದಲೇ ಗೊತ್ತಿರಬೇಕು. ಈ ವಿಷಯದಲ್ಲಿ ಪಂಥಗಳಿಗೆ ತಮ್ಮದೇ ನಿಯಮಗಳಿವೆ. ನಿಮ್ಮ ಪಂಥದ ರಬ್ಬಿಗಳ ಸಂಘದ ನಿಯೋಜನಾ ಕಚೇರಿಯಿಂದ ಲಿಖಿತವಾಗಿ ತರಿಸಿಕೊಂಡು ಓದಿ.

ಜುಲೈ 1ರಿಂದ ಹಿಂದಕ್ಕೆ ಎಣಿಸಿ

ರಬ್ಬಿಗಳ ಒಪ್ಪಂದ ಸಾಮಾನ್ಯವಾಗಿ ಜುಲೈ 1ಕ್ಕೆ ಆರಂಭವಾಗುತ್ತದೆ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುವ ಮಹಾಪರ್ವಗಳಿಗೆ ಮುಂಚೆ ಊರು, ಮನೆ, ಮುಖಗಳು ಪರಿಚಯವಾಗಲು ಎರಡು ತಿಂಗಳಾದರೂ ಬೇಕು. ಹೊಸದಾಗಿ ಓದು ಮುಗಿಸುವವರ ದೀಕ್ಷೆ ವಸಂತದ ಕೊನೆಗೆ. ಹಾಗಾಗಿ ಅದಕ್ಕೂ ಹಿಂದಿನ ವರ್ಷದ ಬೇಸಿಗೆಯಲ್ಲೇ (ಅಲ್ಲಿ ಜೂನ್‌ನಿಂದ ಆಗಸ್ಟ್) ಬಜೆಟ್ ಮತ್ತು ಹುದ್ದೆಯ ಚರ್ಚೆ ಮುಗಿಯಬೇಕು, ಶರತ್ಕಾಲದಲ್ಲಿ ಸಮಿತಿ ಮತ್ತು ಅರ್ಜಿ, ಚಳಿಗಾಲದಲ್ಲಿ ಸಂದರ್ಶನ ಮತ್ತು ಭೇಟಿ, ಮಾರ್ಚ್ ಅಥವಾ ಏಪ್ರಿಲಿನಲ್ಲಿ ಬರುವ ಪಾಸೋವರ್ ಹಬ್ಬಕ್ಕೆ ಮೊದಲು ತೀರ್ಮಾನ. ಮಹಾಪರ್ವಗಳಿಂದ ಸುಕ್ಕೋತ್, ಸಿಮ್ಖಾತ್ ತೋರಾ ಹಬ್ಬಗಳವರೆಗಿನ ಮೂರು ನಾಲ್ಕು ವಾರಗಳಲ್ಲಿ ಸಿನಗಾಗಿನ ಯಾರಿಗೂ ಪುರುಸೊತ್ತಿರುವುದಿಲ್ಲ. ಆ ವಾರಗಳನ್ನು ಲೆಕ್ಕದಿಂದ ಬಿಟ್ಟುಬಿಡಿ.

ಸಮಿತಿಗೆ ಏಳರಿಂದ ಹತ್ತು ಮಂದಿ ಸಾಕು. ಧಾರ್ಮಿಕ ಶಾಲೆಯ ಪೋಷಕರು, ಹಿರಿಯ ನಾಗರಿಕರು, ಹೊಸದಾಗಿ ಸೇರಿದವರು, ಮಂಡಳಿಯ ಒಬ್ಬರು ಇರಲಿ. ದೊಡ್ಡ ದೇಣಿಗೆ ಕೊಟ್ಟವರೆಂಬ ಒಂದೇ ಕಾರಣಕ್ಕೆ ಯಾರಿಗೂ ಕುರ್ಚಿ ಬೇಡ. ಹಿರಿಯ ರಬ್ಬಿ ಅಧ್ಯಕ್ಷರಾಗಬಾರದು, ಆದರೆ ಅವರ ಒಪ್ಪಿಗೆಯಿಲ್ಲದೆ ಯಾರನ್ನೂ ನೇಮಿಸಲೂ ಬಾರದು. ದಿನವೂ ಜೊತೆಗೆ ದುಡಿಯುವವರು ಅವರು. ಪ್ರಾರ್ಥನೆಯ ಗಾಯನ ನಡೆಸುವ ಕ್ಯಾಂಟರ್ ಅವರ ಅಭಿಪ್ರಾಯವನ್ನೂ ಕೇಳಿ. ಅಂತಿಮ ಮತ ಮಂಡಳಿಯದೋ ಸರ್ವಸದಸ್ಯರ ಸಭೆಯದೋ ಎಂಬುದಕ್ಕೆ ನಿಮ್ಮ ಬೈಲಾ ನೋಡಿ. ಗೋಪ್ಯತೆಯ ಪತ್ರಕ್ಕೆ ಎಲ್ಲರೂ ಸಹಿ ಹಾಕಲಿ, ಏಕೆಂದರೆ ಅಭ್ಯರ್ಥಿ ಬೇರೊಂದು ಸಭೆಯಲ್ಲಿ ಕೆಲಸದಲ್ಲಿದ್ದರೆ ಸಮಿತಿಯ ಒಂದು ಹಗುರ ಮಾತು ಅಲ್ಲಿ ಅವರ ನೆಲೆಯನ್ನೇ ಅಲುಗಿಸಬಹುದು.

ಸಭೆಯ ಪರಿಚಯಪತ್ರ ಮತ್ತು ನಿಯೋಜನಾ ಕಚೇರಿ

ರಿಫಾರ್ಮ್ ರಬ್ಬಿಗಳ ಸಂಘ 1889ರಲ್ಲಿ, ಕನ್ಸರ್ವೇಟಿವ್ ರಬ್ಬಿಗಳ ಸಂಘ 1901ರಲ್ಲಿ ಹುಟ್ಟಿದವು. ಎರಡೂ ತಮ್ಮ ಸದಸ್ಯರಿಗಾಗಿ ನಿಯೋಜನಾ ವ್ಯವಸ್ಥೆ ನಡೆಸುತ್ತವೆ. ಪಂಥಕ್ಕೆ ಸೇರಿದ ಸಭೆ ಅದರ ಮೂಲಕವೇ ಹುಡುಕಬೇಕು. ಪರಿಚಯದ ರಬ್ಬಿಗೆ ನೇರ ಫೋನ್ ಮಾಡಿ ಒಪ್ಪಿಸುವುದು ನಿಯಮಕ್ಕೆ ವಿರುದ್ಧ. ನಿಯಮ ಕಿರಿಕಿರಿ ಎನಿಸಬಹುದು, ಆದರೆ ಅದು ಎರಡೂ ಕಡೆಯವರನ್ನು ಕಾಯುತ್ತದೆ.

ಕಚೇರಿಗೆ ಕೊಡುವ ಪರಿಚಯಪತ್ರದಲ್ಲಿ ಸತ್ಯವನ್ನು ಬರೆಯಿರಿ. ಸದಸ್ಯ ಕುಟುಂಬಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ, ಶುಕ್ರವಾರ ಎಷ್ಟು ಜನ ಬರುತ್ತಾರೆ, ಬಜೆಟ್ಟಿನಲ್ಲಿ ಕೊರತೆ ಇದೆಯೇ, ಹಿಂದಿನ ಸಹಾಯಕರು ಏಕೆ ಹೋದರು, ಎಲ್ಲವೂ ಇರಲಿ. ಸಂಬಳದ ಮಿತಿಯನ್ನು ಮುಚ್ಚಿಡಬೇಡಿ. ರಬ್ಬಿಗಳ ಲೋಕ ಚಿಕ್ಕದು. ಹಿಂದಿನ ಸಹಾಯಕರು ಅಭ್ಯರ್ಥಿಯ ಸಹಪಾಠಿಯಾಗಿರುವ ಸಾಧ್ಯತೆ ಹೆಚ್ಚು. ನೀವು ಬಿಟ್ಟದ್ದನ್ನು ಅವರು ತುಂಬಿ ಹೇಳುತ್ತಾರೆ.

ಅಭ್ಯರ್ಥಿಗಳು ಸಾಲುಗಟ್ಟಿ ನಿಲ್ಲುತ್ತಾರೆಂಬ ನಿರೀಕ್ಷೆ ಬೇಡ. 1875ರಲ್ಲಿ ಸಿನ್ಸಿನಾಟಿಯಲ್ಲಿ ಆರಂಭವಾದ ರಿಫಾರ್ಮ್ ವಿದ್ಯಾಲಯ ಹೀಬ್ರೂ ಯೂನಿಯನ್ ಕಾಲೇಜು, ವಿದ್ಯಾರ್ಥಿಗಳ ಸಂಖ್ಯೆ ಕುಸಿದು, ಆ ಮೂಲ ಕ್ಯಾಂಪಸ್ಸಿನ ರಬ್ಬಿ ತರಬೇತಿಯನ್ನೇ 2026ರ ಹೊತ್ತಿಗೆ ನಿಲ್ಲಿಸಲು 2022ರಲ್ಲಿ ನಿರ್ಧರಿಸಿತು. ನೀವು ಆರಿಸುತ್ತಿರುವಷ್ಟೇ ಗಂಭೀರವಾಗಿ ಅವರೂ ನಿಮ್ಮನ್ನು ಆರಿಸುತ್ತಿದ್ದಾರೆ. ಅರ್ಜಿಗೆ ಬೇಗ ಉತ್ತರಿಸಿ. ಎರಡು ವಾರ ಮೌನವಿದ್ದರೆ ಒಳ್ಳೆಯವರು ಕೈತಪ್ಪುತ್ತಾರೆ.

ಮೊದಲ ಸಂದರ್ಶನ

ವಿಡಿಯೊ ಕರೆಯಲ್ಲಿ ಒಂದು ಗಂಟೆ ಸಾಕು. ಎಲ್ಲ ಅಭ್ಯರ್ಥಿಗಳಿಗೂ ಅವೇ ಮುಖ್ಯ ಪ್ರಶ್ನೆಗಳನ್ನು, ಅದೇ ಕ್ರಮದಲ್ಲಿ ಕೇಳಿ. ಪ್ರತಿಯೊಬ್ಬ ಸದಸ್ಯರೂ ಚರ್ಚೆಗೆ ಮುಂಚೆ ತಮ್ಮ ಅನಿಸಿಕೆಯನ್ನು ಬರೆದಿಡಲಿ, ಇಲ್ಲವಾದರೆ ಗಟ್ಟಿ ದನಿಯವರ ಅಭಿಪ್ರಾಯವೇ ಸಮಿತಿಯ ಅಭಿಪ್ರಾಯವಾಗುತ್ತದೆ.

"ನಿಮ್ಮ ದೃಷ್ಟಿಕೋನವೇನು" ಎಂಬಂಥ ಪ್ರಶ್ನೆಗೆ ಸಿದ್ಧ ಉತ್ತರ ಸಿಗುತ್ತದೆ. ನಡೆದದ್ದನ್ನು ಕೇಳಿ. ಓದುವಾಗಲೇ ಅನೇಕರು ಸ್ವಂತ ರಬ್ಬಿಯಿಲ್ಲದ ಸಣ್ಣ ಊರುಗಳ ಸಭೆಗಳಿಗೆ ವಿದ್ಯಾರ್ಥಿ ರಬ್ಬಿಯಾಗಿ ಹೋಗಿ ಬಂದಿರುತ್ತಾರೆ. ಅಲ್ಲಿ ನಡೆಸಿದ ಮೊದಲ ಅಂತ್ಯಕ್ರಿಯೆ ಹೇಗಿತ್ತು? ಕಲಿಯಲು ಮನಸ್ಸಿಲ್ಲದ ಹನ್ನೆರಡರ ಹುಡುಗನೊಂದಿಗೆ ಏನು ಮಾಡಿದಿರಿ? ನಿಮ್ಮ ಮೇಲಿನವರ ನಿರ್ಧಾರ ತಪ್ಪೆನಿಸಿದಾಗ ಹೇಗೆ ಹೇಳಿದಿರಿ? ಸಹಾಯಕ ಹುದ್ದೆಗೆ ನನ್ನ ಪ್ರಕಾರ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಧರ್ಮದ ಸೂಕ್ಷ್ಮ ವಿಷಯಗಳನ್ನೂ ಇಲ್ಲೇ ತೆಗೆಯಿರಿ. ಅಂತರಧರ್ಮೀಯ ಮದುವೆಯನ್ನು ನಡೆಸಿಕೊಡುತ್ತಾರೆಯೇ? ರಿಫಾರ್ಮ್ ರಬ್ಬಿಗಳ ಸಂಘ 1973ರಲ್ಲಿ ಅದನ್ನು ವಿರೋಧಿಸಿ ಠರಾವು ಮಾಡಿದರೂ ನಿರ್ಧಾರವನ್ನು ಆಯಾ ರಬ್ಬಿಗೇ ಬಿಟ್ಟಿತು. ಕನ್ಸರ್ವೇಟಿವ್ ಸಂಘ ತನ್ನ ಸದಸ್ಯರಿಗೆ ಅದನ್ನು ನಿಷೇಧಿಸಿದೆ. ತಂದೆ ಮಾತ್ರ ಯಹೂದಿಯಾಗಿದ್ದು, ಯಹೂದಿಯಾಗಿಯೇ ಬೆಳೆದ ಮಗುವನ್ನು ರಿಫಾರ್ಮ್ ಪಂಥ 1983ರ ಠರಾವಿನಿಂದ ಯಹೂದಿಯೆಂದೇ ಪರಿಗಣಿಸುತ್ತದೆ, ಕನ್ಸರ್ವೇಟಿವ್ ಮತ್ತು ಆರ್ಥೊಡಾಕ್ಸ್ ಪಂಥಗಳು ಒಪ್ಪುವುದಿಲ್ಲ. ನಿಮ್ಮ ಹಿರಿಯ ರಬ್ಬಿಯ ನಿಲುವಿಗೂ ಸಹಾಯಕರ ನಿಲುವಿಗೂ ಅಂತರವಿದ್ದರೆ, ಮದುವೆ ನಿಶ್ಚಯವಾದ ಜೋಡಿಯೊಂದು ಇಬ್ಬರ ನಡುವೆ ಓಡಾಡುವ ಪ್ರಸಂಗ ಬರುತ್ತದೆ. ಇಸ್ರೇಲ್ ಬಗ್ಗೆಯೂ ಕೇಳಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಈ ವಿಷಯದಲ್ಲಿ ಒಂದೇ ಮನೆಯೊಳಗೆ ಭಿನ್ನಮತವಿರುವ ಕುಟುಂಬಗಳಿವೆ. ಅಭ್ಯರ್ಥಿಯ ರಾಜಕೀಯ ನಿಲುವು ಸಮಿತಿಗೆ ಇಷ್ಟವಾಗಬೇಕೆಂಬುದು ಉದ್ದೇಶವಲ್ಲ. ಒಪ್ಪದವರ ಮನೆಗೂ ಅವರು ಸಾಂತ್ವನ ಹೇಳಲು ಹೋಗಬಲ್ಲರೇ ಎಂಬುದನ್ನು ತಿಳಿಯಬೇಕು.

ಕೇಳಬಾರದ ಪ್ರಶ್ನೆಗಳೂ ಇವೆ. ಮದುವೆ ಯಾವಾಗ, ಮಕ್ಕಳ ಯೋಚನೆ ಇದೆಯೇ, ಸಂಗಾತಿ ಸಿನಗಾಗಿನಲ್ಲಿ ದುಡಿಯುತ್ತಾರೆಯೇ ಎಂಬ ಮಾತೇ ಬೇಡ. 2012ರ ಹೊಸಾನಾ-ಟೇಬರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಧರ್ಮಗುರುಗಳ ನೇಮಕಕ್ಕೆ ಉದ್ಯೋಗ ತಾರತಮ್ಯದ ಕಾನೂನುಗಳು ಅನ್ವಯಿಸುವುದಿಲ್ಲವೆಂದು ಸರ್ವಾನುಮತದಿಂದ ಹೇಳಿತು. ಅಂದರೆ ಅಭ್ಯರ್ಥಿಗೆ ನ್ಯಾಯಾಲಯದ ಆಸರೆ ಬಹಳ ಕಡಿಮೆ. ಕಾನೂನು ಕಟ್ಟಿಹಾಕದ ಕಡೆ ಸಮಿತಿ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳಬೇಕು. ಈ ನಿಯಮಗಳನ್ನು ಬರೆದು ಎಲ್ಲರಿಗೂ ಓದಿ ಹೇಳಿ.

ಶಬ್ಬಾತ್ ಭೇಟಿ

ಇಬ್ಬರು ಅಥವಾ ಮೂವರನ್ನು ಒಂದೊಂದು ವಾರಾಂತ್ಯಕ್ಕೆ ಕರೆಯಿರಿ. ಖರ್ಚು ಪೂರ್ತಿ ಸಭೆಯದು. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುತ್ತಾನೆ, ಹಿಮದಿಂದ ವಿಮಾನ ತಡವಾಗುತ್ತದೆ. ಗುರುವಾರವೇ ಬಂದು ತಲುಪುವಂತೆ ಟಿಕೆಟ್ ಮಾಡಿಸಿ. ಕೋಶರ್ ಆಹಾರ ನಿಯಮ ಎಷ್ಟರ ಮಟ್ಟಿಗೆ ಪಾಲಿಸುತ್ತಾರೆ, ಶಬ್ಬಾತ್ ದಿನ ವಾಹನ ಹತ್ತುತ್ತಾರೆಯೇ ಎಂದು ಮೊದಲೇ ಕೇಳಿ. ಹತ್ತುವುದಿಲ್ಲವೆಂದರೆ ಸಿನಗಾಗಿಗೆ ನಡೆದು ಹೋಗುವಷ್ಟು ಹತ್ತಿರ ವಸತಿ ಕೊಡಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ವಿಧಿ ಮುಗಿಯುವವರೆಗೆ ಸಂಬಳದ, ಒಪ್ಪಂದದ ಮಾತೆತ್ತಬೇಡಿ. ಸಮಿತಿಯೇ ಶಬ್ಬಾತನ್ನು ಗೌರವಿಸದಿದ್ದರೆ ಅದನ್ನು ಕಾಪಾಡಲು ರಬ್ಬಿಯನ್ನು ಕರೆಯುವುದೇಕೆ?

ಶುಕ್ರವಾರ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಭಾಗ, ಶನಿವಾರ ಬೆಳಿಗ್ಗೆ ಆ ವಾರದ ತೋರಾ ಭಾಗದ ಮೇಲೆ ಪ್ರವಚನ, ಪ್ರಾರ್ಥನೆಯ ನಂತರದ ಕಿದ್ದೂಶ್ ಊಟದಲ್ಲಿ ಜನರೊಂದಿಗೆ ಮಾತುಕತೆ. ಇಷ್ಟು ಎಲ್ಲೆಡೆ ಇರುತ್ತದೆ. ಫೆಬ್ರವರಿಯ ಸುಮಾರಿಗೆ ಬಂದವರಿಗೆ ತೋರಾದ ವಿಮೋಚನಕಾಂಡದಲ್ಲಿ ಬರುವ ದೇವರ ಗುಡಾರದ ಅಳತೆಗಳು ಬೀಳುತ್ತವೆ: ಇಷ್ಟು ಮೊಳ ಉದ್ದ, ಇಷ್ಟು ಹಲಗೆ, ಇಷ್ಟು ಬಳೆ. ಆ ಮೊಳ, ಹಲಗೆಗಳಿಂದ ಇಂದಿನವರ ಬದುಕಿಗೆ ಮುಟ್ಟುವ ಮಾತನ್ನು ತೆಗೆಯುವವರನ್ನು ಗಮನವಿಟ್ಟು ಕೇಳಿ. ಆದರೂ ಪ್ರವಚನಕ್ಕೆ ಮಾರುಹೋಗಬೇಡಿ. ಇಪ್ಪತ್ತು ನಿಮಿಷದ ಉತ್ತಮ ಭಾಷಣವನ್ನು ತಿಂಗಳುಗಟ್ಟಲೆ ತಿದ್ದಿ ಸಿದ್ಧಪಡಿಸಬಹುದು, ಸಹಾಯಕರ ವಾರದ ಹೆಚ್ಚಿನ ಗಂಟೆಗಳು ವೇದಿಕೆಯ ಕೆಳಗೆ ಕಳೆಯುತ್ತವೆ.

ಅದಕ್ಕಾಗಿ ಮೂರು ಸಂದರ್ಭಗಳನ್ನು ಸೇರಿಸಿ. ಭಾನುವಾರ ಬೆಳಿಗ್ಗೆ ಏಳನೇ ತರಗತಿಯ ಮಕ್ಕಳೊಂದಿಗೆ ಅರ್ಧ ಗಂಟೆ, ಸಮಿತಿಯ ಒಬ್ಬರು ಮಾತ್ರ ಹಿಂದೆ ಕುಳಿತಿರಲಿ. ಹೀಬ್ರೂ ಬಾರದವರೂ ಪಂಡಿತರೂ ಸೇರಿದ ವಯಸ್ಕರ ಗುಂಪಿಗೆ ಧರ್ಮಶಾಸ್ತ್ರ ಚರ್ಚೆಗಳ ಪ್ರಾಚೀನ ಗ್ರಂಥ ತಾಲ್ಮುಡ್‌ನ ಒಂದು ಪುಟದ ಪಾಠ. ಬಾರದವರು ಬಾಯಿಬಿಟ್ಟರೇ ಎಂಬುದನ್ನು ನೋಡಿ. ಕೊನೆಯದು ಹಿರಿಯ ರಬ್ಬಿಯೊಂದಿಗೆ, ಬೇರೆ ಯಾರೂ ಇಲ್ಲದೆ, ಎರಡು ಗಂಟೆ. ಇದನ್ನು ಅನೇಕ ಸಮಿತಿಗಳು ಕಾಫಿ ವಿರಾಮದಷ್ಟಕ್ಕೆ ಮೊಟಕುಗೊಳಿಸುತ್ತವೆ. ಇಡೀ ವಾರಾಂತ್ಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ.

ನಡುವೆ ಅಭ್ಯರ್ಥಿಗೆ ವಿಶ್ರಾಂತಿಯನ್ನೂ ಕೊಡಿ. ಶನಿವಾರ ಮಧ್ಯಾಹ್ನ ಅವರನ್ನು ಅವರ ಪಾಡಿಗೆ ಬಿಡಿ. ಸಂಗಾತಿ ಜೊತೆಗೆ ಬಂದಿದ್ದರೆ ಊರು ತೋರಿಸಿ, ಬಾಡಿಗೆಯ ಅಂದಾಜು ಹೇಳಿ, ಸಂದರ್ಶಿಸಬೇಡಿ. ಭದ್ರತೆಯ ವ್ಯವಸ್ಥೆಯನ್ನೂ ವಿವರಿಸಿ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗಿನಲ್ಲಿ ಹನ್ನೊಂದು ಮಂದಿ ಪ್ರಾರ್ಥನೆಯ ಹೊತ್ತಿನಲ್ಲಿ ಕೊಲೆಯಾದರು. 2022ರ ಜನವರಿಯಲ್ಲಿ ಟೆಕ್ಸಸ್‌ನ ಕಾಲಿವಿಲ್‌ನಲ್ಲಿ ಒತ್ತೆಯಾಳಾಗಿದ್ದ ರಬ್ಬಿ, ಬಂದೂಕುಧಾರಿಯತ್ತ ಕುರ್ಚಿ ಎಸೆದು ಉಳಿದವರೊಂದಿಗೆ ಪಾರಾದರು. ತಾವು ಪಡೆದಿದ್ದ ಭದ್ರತಾ ತರಬೇತಿಯೇ ಕಾಪಾಡಿತೆಂದು ಹೇಳಿದರು. ನಿಮ್ಮಲ್ಲಿಗೆ ಬರುವವರಿಗೆ ಆ ತರಬೇತಿ ಮೊದಲ ತಿಂಗಳಲ್ಲೇ ಸಿಗಬೇಕು.

ವಿಚಾರಣೆ, ತೀರ್ಮಾನ

ಅಭ್ಯರ್ಥಿ ಕೊಟ್ಟ ಹೆಸರುಗಳಿಗೆ ಫೋನ್ ಮಾಡಿದರೆ ಹೊಗಳಿಕೆ ಸಿಗುತ್ತದೆ. ಅವರ ಅನುಮತಿ ಪಡೆದು, ಪಟ್ಟಿಯಲ್ಲಿಲ್ಲದವರನ್ನೂ ಕೇಳಿ: ಅವರ ಜೊತೆ ಕೆಲಸ ಮಾಡಿದ ಕಚೇರಿ ಸಿಬ್ಬಂದಿ, ಶಾಲೆಯ ಶಿಕ್ಷಕಿ. ಹಿನ್ನೆಲೆ ಪರಿಶೀಲನೆಯನ್ನು ವೃತ್ತಿಪರ ಸಂಸ್ಥೆಯಿಂದ ಮಾಡಿಸಿ. ರಬ್ಬಿಗಳ ಸಂಘದ ನೀತಿ ಸಮಿತಿಯಲ್ಲಿ ದೂರುಗಳಿವೆಯೇ ಎಂದು ನಿಯೋಜನಾ ಕಚೇರಿಯ ಮೂಲಕ ಕೇಳಿ. ರಿಫಾರ್ಮ್ ಪಂಥದ ಮೂರೂ ಮುಖ್ಯ ಸಂಸ್ಥೆಗಳು 2021ರ ಕೊನೆಯಿಂದ 2022ರ ಆರಂಭದೊಳಗೆ, ಹಿಂದಿನ ದಶಕಗಳ ದುರ್ವರ್ತನೆಯ ಕುರಿತು ಹೊರಗಿನ ವಕೀಲರಿಂದ ತನಿಖೆ ಮಾಡಿಸಿ ವರದಿಗಳನ್ನು ಬಹಿರಂಗಪಡಿಸಿದವು. ಅವುಗಳನ್ನು ಓದಿದವರು ಈ ಹೆಜ್ಜೆಯನ್ನು ಹಾರಿ ಹೋಗಲಾರರು. ಅಭ್ಯರ್ಥಿಗೂ ಅದೇ ಹಕ್ಕಿದೆ: ನಿಮ್ಮ ಹಿಂದಿನ ಸಹಾಯಕರ ಫೋನ್ ಸಂಖ್ಯೆಯನ್ನು ಕೇಳಿದರೆ, ಅವರ ಒಪ್ಪಿಗೆ ಪಡೆದು ಕೊಡಿ.

ಕೊನೆಯ ಸಭೆಯಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಓದಿ, ಆಮೇಲೆ ಮಾತನಾಡಿ. ಐದಕ್ಕೆ ನಾಲ್ಕು ಎಂಬಂಥ ಮತದಿಂದ ಗೆದ್ದವರು ಅರ್ಧ ಸಮಿತಿಯ ಅಸಮಾಧಾನದ ನಡುವೆ ಕೆಲಸ ಆರಂಭಿಸಬೇಕಾಗುತ್ತದೆ, ಆದ್ದರಿಂದ ಒಮ್ಮತದ ಹತ್ತಿರ ಬರುವವರೆಗೆ ಕೂರುವುದು ಒಳ್ಳೆಯದು. ಆಯ್ಕೆಯಾಗದವರಿಗೆ ಅಧ್ಯಕ್ಷರೇ ಫೋನ್ ಮಾಡಿ ತಿಳಿಸಲಿ. ಅವರು ನಿಮ್ಮೊಂದಿಗೆ ಒಂದು ಶಬ್ಬಾತ್ ಕಳೆದಿದ್ದಾರೆ, ಇಮೇಲ್ ಸಾಲದು.

ಒಪ್ಪಂದ

ಅವಧಿ ಎರಡು ಅಥವಾ ಮೂರು ವರ್ಷ. ಸಂಬಳದ ಜೊತೆ ವಸತಿ ಭತ್ಯೆಯ ವಿಷಯವಿದೆ, ಇದನ್ನು ತಿಳಿಯದ ಮಂಡಳಿ ರಬ್ಬಿಗೆ ನಷ್ಟ ಮಾಡುತ್ತದೆ. ಅಮೆರಿಕದ ಆದಾಯ ತೆರಿಗೆ ಸಂಹಿತೆಯ 107ನೇ ವಿಧಿಯಂತೆ, ಧರ್ಮಗುರುವಿನ ಸಂಬಳದಲ್ಲಿ ವಸತಿಗೆಂದು ಗುರುತಿಸಿದ ಭಾಗಕ್ಕೆ, ನಿಜವಾದ ಖರ್ಚು ಮತ್ತು ಮನೆಯ ನ್ಯಾಯವಾದ ಬಾಡಿಗೆ ಮೌಲ್ಯದ ಮಿತಿಯೊಳಗೆ, ಆದಾಯ ತೆರಿಗೆ ಇಲ್ಲ. ಆದರೆ ಮಂಡಳಿ ಅದನ್ನು ಹಣ ಕೊಡುವ ಮೊದಲೇ ಠರಾವಿನಲ್ಲಿ ಗುರುತಿಸಿರಬೇಕು. ವರ್ಷದ ಕೊನೆಗೆ ಹಿಂದಿನ ದಿನಾಂಕ ಹಾಕಿ ಸರಿಪಡಿಸಲಾಗದು. ಇನ್ನೊಂದು ತೊಡಕು: ಸೋಷಿಯಲ್ ಸೆಕ್ಯುರಿಟಿಯ (ಸರ್ಕಾರಿ ಪಿಂಚಣಿ ವ್ಯವಸ್ಥೆಯ) ಲೆಕ್ಕದಲ್ಲಿ ರಬ್ಬಿ ಸ್ವಯಂ ಉದ್ಯೋಗಿ. ಬೇರೆ ನೌಕರರಿಗೆ ಮಾಲೀಕರು ಕಟ್ಟುವ ಅರ್ಧವನ್ನೂ ಸೇರಿಸಿ ಶೇಕಡಾ 15.3 ತೆರಿಗೆಯನ್ನು ಅವರೇ ಕಟ್ಟಬೇಕು, ವಸತಿ ಭತ್ಯೆಗೂ ಇದು ಬಿಡುವುದಿಲ್ಲ. ಅದರ ಅರ್ಧವನ್ನು ಭರಿಸುವ ಸಭೆಗಳಿವೆ. ನೀವೂ ಭರಿಸಿ.

ಉಳಿದಂತೆ ಆರೋಗ್ಯ ವಿಮೆ, ಪಿಂಚಣಿ, ಸ್ಥಳಾಂತರದ ಖರ್ಚು, ಹೆರಿಗೆ ಮತ್ತು ಪೋಷಕರ ರಜೆ, ಸಮ್ಮೇಳನದ ಖರ್ಚು, ವಾರದ ರಜಾದಿನ. ಶಬ್ಬಾತ್ ರಬ್ಬಿಗೆ ಕೆಲಸದ ದಿನ ಎಂಬುದನ್ನು ಮರೆಯಬೇಡಿ. ಬೇರೊಂದು ದಿನವನ್ನು ಹೆಸರಿಸಿ ಬರೆಯಿರಿ, ಆ ದಿನ ಅಂತ್ಯಕ್ರಿಯೆ ಬಂದರೆ ಬದಲಿ ದಿನ ಕೊಡಿ. ಅಭ್ಯರ್ಥಿ ತಮ್ಮ ವಕೀಲರಿಗೆ ಕರಡನ್ನು ತೋರಿಸಲು ಸಮಯ ಕೇಳಿದರೆ ಅಪನಂಬಿಕೆಯೆಂದು ಭಾವಿಸಬೇಡಿ.

ಬಂದ ಮೇಲೆ

ಶೋಧ ಸಮಿತಿಯನ್ನು ವಿಸರ್ಜಿಸಿ, ಅದರ ಮೂರು ನಾಲ್ಕು ಮಂದಿಯಿಂದ ಸ್ವಾಗತ ತಂಡ ಮಾಡಿ. ಜುಲೈ, ಆಗಸ್ಟಿನಲ್ಲಿ ಸದಸ್ಯರ ಮನೆಗಳಲ್ಲಿ ಹತ್ತು ಹನ್ನೆರಡು ಜನರ ಸಣ್ಣ ಕೂಟಗಳನ್ನು ಏರ್ಪಡಿಸಿದರೆ, ರೋಶ್ ಹಶಾನಾದ ಹೊತ್ತಿಗೆ ಹೊಸ ರಬ್ಬಿಗೆ ಸಭಾಂಗಣದ ಅರ್ಧ ಮುಖಗಳಾದರೂ ಗೊತ್ತಿರುತ್ತವೆ. ಸಭೆಯ ಮುಂದೆ ಅವರನ್ನು ವಿಧಿವತ್ತಾಗಿ ಸ್ವೀಕರಿಸುವ ಶಬ್ಬಾತನ್ನು ಹಬ್ಬಗಳು ಮುಗಿದ ನಂತರ, ನವೆಂಬರಿನಲ್ಲಿ ಇಟ್ಟುಕೊಳ್ಳಿ.

ಹಿರಿಯ ರಬ್ಬಿಯೊಂದಿಗೆ ವಾರಕ್ಕೊಂದು ಗಂಟೆ ಕಡ್ಡಾಯವಾಗಿರಲಿ, ಬರೀ ವೇಳಾಪಟ್ಟಿ ಹಂಚಿಕೊಳ್ಳಲು ಅಲ್ಲ, ಕಲಿಸಲು. ಸಭೆಯ ಹೊರಗಿನ ಮಾರ್ಗದರ್ಶಕ ರಬ್ಬಿಯೊಬ್ಬರನ್ನೂ ಗೊತ್ತುಮಾಡಿ, ಏಕೆಂದರೆ ಹಿರಿಯರ ಬಗ್ಗೆಯೇ ತಕರಾರಿದ್ದರೆ ಅದನ್ನು ಹಿರಿಯರಿಗೆ ಹೇಳಿಕೊಳ್ಳುವುದು ಕಷ್ಟ. ಕೆಲಸದ ವಿಮರ್ಶೆಯನ್ನು ಡಿಸೆಂಬರಿನ ಸುಮಾರಿಗೆ ಬರುವ ಹನುಕ್ಕಾ ಹಬ್ಬದ ನಂತರ ಒಮ್ಮೆ, ಪಾಸೋವರ್ ನಂತರ ಒಮ್ಮೆ, ಮೊದಲು ಬರೆದ ಗಂಟೆಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡೇ ಮಾಡಿ. ಪಟ್ಟಿಯಲ್ಲಿಲ್ಲದ ಕೆಲಸಗಳು ನುಸುಳಿದ್ದರೆ ತೆಗೆದುಹಾಕಿ.

ಒಪ್ಪಂದದ ಕೊನೆಯ ವರ್ಷದಲ್ಲಿ ಮುಂದುವರಿಸುತ್ತೀರೋ ಇಲ್ಲವೋ ಎಂಬುದನ್ನು ಮಹಾಪರ್ವಗಳು ಮುಗಿದ ಕೂಡಲೇ ಲಿಖಿತವಾಗಿ ತಿಳಿಸಿ. ಬೇರೆ ಸಭೆಗಳ ಹುದ್ದೆಗಳು ತೆರೆಯುವುದು ಆಗಲೇ. ಜನವರಿಯವರೆಗೆ ತಡಮಾಡಿದರೆ ಅವರು ಅರ್ಜಿ ಹಾಕಬಹುದಾಗಿದ್ದ ಹುದ್ದೆಗಳಿಗೆ ಬೇರೆಯವರು ಸಂದರ್ಶನ ಮುಗಿಸಿರುತ್ತಾರೆ.